ಮಾಸ್ತರರ ಎರಡನೆಯ ದನಿ

ಮಾಸ್ತರರು ತೀರಿಕೊಂಡ ಮೇಲೆ ಶಾಲೆಯಲ್ಲಿ ಒಂದು ಸಭೆ ಇಟ್ಟಿದ್ದರು. ಮಾತಾಡಿದವರೆಲ್ಲ ಅವರ ದನಿಯನ್ನೇ ನೆನೆದರು. ಪ್ರಾರ್ಥನೆಯ ಹೊತ್ತಿಗೆ ಮೈಕು ಕೆಟ್ಟರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವಂತೆ. ಅವರು ಒಂಬತ್ತನೇ ತರಗತಿಯಲ್ಲಿ ಪ್ರಮೇಯ ಹೇಳಿಕೊಟ್ಟರೆ ರಸ್ತೆಯಾಚೆಯ ಅಂಗಡಿಯವನಿಗೂ ಅದು ಬಾಯಿಪಾಠ ಆಗುತ್ತಿತ್ತಂತೆ. ಎಲ್ಲವೂ ನಿಜವೇ. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತ ನನಗೆ ಹೇಳಲಿಕ್ಕಿದ್ದದ್ದು ಅವರ ಎರಡನೆಯ ದನಿಯ ಸಂಗತಿ. ಅದು ಸಣ್ಣ ದನಿ. ಮೂಗಿನಿಂದ ಬಂದಂತೆ ಕೇಳುತ್ತಿತ್ತು, ಮಹಾಪ್ರಾಣಗಳನ್ನೆಲ್ಲ ನುಂಗುತ್ತಿತ್ತು, ಪೂರ್ಣವಿರಾಮ ಬಂದಲ್ಲಿ ಉಸಿರೇ ನಿಂತ ಹಾಗೆ ನಿಲ್ಲುತ್ತಿತ್ತು. ಆ ದನಿ ಹುಟ್ಟುವಾಗ ನಾನು ಪಕ್ಕದಲ್ಲಿದ್ದೆ. ಸಭೆಯಲ್ಲಿ ಅದನ್ನು ಹೇಳುವಷ್ಟು ಹೊತ್ತು ಸಿಗಲಿಲ್ಲ. ಈಗ ಹೇಳುತ್ತೇನೆ.

ಹೈಸ್ಕೂಲುಗಳಿಗೆ ಆಗಷ್ಟೇ ಕಂಪ್ಯೂಟರುಗಳು ಬಂದಿದ್ದವು. ಅವುಗಳ ಬೆನ್ನಿಗೆ ನನ್ನಂಥ ಗುತ್ತಿಗೆಯ ಶಿಕ್ಷಕಿಯರೂ ಬಂದೆವು. ನಮ್ಮ ಹೈಸ್ಕೂಲು ಅಂಕೋಲೆಯಿಂದ ಶೆಟಗೇರಿಯ ಕಡೆಗೆ ಹೋಗುವ ದಾರಿಯಲ್ಲಿ. ನನ್ನ ಮನೆ ಅಮದಳ್ಳಿಯಲ್ಲಿ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಎದ್ದು ಬಂದ ಮನೆಗಳಲ್ಲಿ ನಮ್ಮದೂ ಒಂದು. ಮಾಸ್ತರರು ಕಾರವಾರದಲ್ಲಿ ಬಸ್ಸು ಹತ್ತುತ್ತಿದ್ದರು, ನಾನು ಅಮದಳ್ಳಿಯಲ್ಲಿ. ಪಕ್ಕದ ಸೀಟಿನ ಮೇಲೆ ಕೊಡೆ ಅಡ್ಡ ಇಟ್ಟು ನನಗಾಗಿ ಜಾಗ ಹಿಡಿದಿರುತ್ತಿದ್ದರು. ನಾನು ಮೆಟ್ಟಿಲು ಹತ್ತುವ ಮೊದಲೇ ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಹಾಗೆ ಕೂಗುತ್ತಿದ್ದರು.

"ಬನ್ನಿ ಬನ್ನಿ ಕಂಪ್ಯೂಟರ್ ಅಕ್ಕೋರೆ! ಇವತ್ತು ನಿಮ್ಮ ಡಬ್ಬಿಗಳಲ್ಲಿ ಎಷ್ಟು ಏಳ್ತವೆ?"

ನನಗೆ ನಾಚಿಕೆ. ಬಸ್ಸಿನವರಿಗೆಲ್ಲ ನಗು.

ಗಣಿತ ಅವರ ವಿಷಯ. ಮಕ್ಕಳು ತಪ್ಪು ಉತ್ತರ ಹೇಳಿದರೆ ಅವರಿಗೆ ಸರಿ ಉತ್ತರ ಕೇಳಿದ್ದಕ್ಕಿಂತ ಹೆಚ್ಚು ಖುಷಿ. ತೊಡೆ ತಟ್ಟಿಕೊಂಡು, "ಅರೇ, ಹತ್ರ ಬಂತಲ್ರೋ ತಪ್ಪು! ಇನ್ನೊಂದು ಸಲ ತಪ್ಪು ಮಾಡು ನೋಡ್ವಾ" ಅನ್ನುತ್ತಿದ್ದರು. ಅವರು ಪದೇ ಪದೇ ಹೇಳುತ್ತಿದ್ದ ಇನ್ನೊಂದು ಮಾತು: "ಹೆದ್ರಬೇಡ್ರೋ. ನೀವು ಹೆದ್ರಿದ್ರೆ ಲೆಕ್ಕ ನಿಮ್ಮನ್ನ ಬಿಡಿಸ್ತದೆ." ನನ್ನ ಕಂಪ್ಯೂಟರ್ ಕೋಣೆ ಅವರ ತರಗತಿಯ ಗೋಡೆಗೆ ಹತ್ತಿಕೊಂಡಿತ್ತು. ನಾನು ಮೌಸು ಹಿಡಿಯುವುದನ್ನು ಹೇಳಿಕೊಡುತ್ತಿದ್ದರೆ ನನ್ನ ಮಕ್ಕಳು ಗೋಡೆಯಾಚೆಯ ಬೀಜಗಣಿತ ಕೇಳಿ ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ದನಿ ಒಡೆಯಿತು. ಮೊದಲು ಸುಣ್ಣದ ಕಡ್ಡಿಯ ಧೂಳು ಅಂದರು, ಆಮೇಲೆ ಮಾವಿನ ಮಿಡಿ ಅಂದರು. ಗಂಟಲಿನಲ್ಲಿ ಗಡ್ಡೆ ಎಂದು ಗೊತ್ತಾಗುವಾಗ ಶಾಲೆ ಶುರುವಾಗಿತ್ತು. ಗೋವೆಯಲ್ಲಿ ಆಪರೇಶನ್ ಆಯಿತು. ಜೀವ ಉಳಿಯಿತು, ಧ್ವನಿಪೆಟ್ಟಿಗೆಯನ್ನು ತೆಗೆದುಬಿಟ್ಟರು. ಮಳೆ ಕಡಿಮೆಯಾಗುವ ಹೊತ್ತಿಗೆ ಅವರು ಮತ್ತೆ ಬಸ್ಸಿನಲ್ಲಿ ಕಂಡರು. ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ, ತೊಡೆಯ ಮೇಲೆ ಒಂದನೇ ತರಗತಿಯ ಮಕ್ಕಳದ್ದೊಂದು ಸ್ಲೇಟು. ಕೊಡೆ ಎಂದಿನಂತೆ ಪಕ್ಕದ ಸೀಟಿನ ಮೇಲೆ ಅಡ್ಡ. ನಾನು ಹತ್ತಿದೆ. ಯಾರೂ ಕೂಗಲಿಲ್ಲ. ಅವರು ಸ್ಲೇಟು ಎತ್ತಿ ತೋರಿಸಿದರು: "ಬನ್ನಿ ಅಕ್ಕೋರೆ." ಬಸ್ಸಿನಲ್ಲಿ ಒಬ್ಬರೂ ಮಾತಾಡದೆ ಅಂಕೋಲೆ ಬಂತು.

ಮೊದಲ ದಿನವೇ ತರಗತಿಗೆ ಹೋದರು. ಬೋರ್ಡಿನ ತುಂಬ ಬರೆದರು, ಒರೆಸಿದರು, ಬರೆದರು. ಆದರೆ ಬರೆಯುವವರ ಬೆನ್ನಷ್ಟೇ ಮಕ್ಕಳಿಗೆ ಕಾಣುತ್ತದೆ. ಮಕ್ಕಳು ಪಾಪ, ಒಂದು ವಾರ ಉಸಿರು ಬಿಗಿಹಿಡಿದು ಕುಳಿತರು. ಆಮೇಲೆ ಮಕ್ಕಳು ಮಕ್ಕಳೇ. ಗುಸುಗುಸು ಶುರುವಾಯಿತು. ಸುಮ್ಮನಿರಿ ಎನ್ನಲಿಕ್ಕೂ ಅವರು ಬೋರ್ಡಿನಲ್ಲಿ ಬರೆಯಬೇಕು, ಅದನ್ನು ಓದಲಿಕ್ಕೆ ಮಕ್ಕಳು ಸುಮ್ಮನಾಗಬೇಕು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸ್ಲೇಟಿನ ಮೇಲೆ ನನಗೆ ಬರೆದು ತೋರಿಸಿದರು: "ನನ್ನ ಬೆನ್ನು ನೋಡಿ ಇವ್ರು ಎಂತಾ ಕಲೀತಾರೆ?"

ಆ ಹೊತ್ತಿಗೆ ಇಲಾಖೆಯಿಂದ ಮಾತು ಬಂತು. ಅವರನ್ನು ಕಾರವಾರದ ಕಚೇರಿಗೆ ಕರೆಸಿಕೊಳ್ಳೋಣವೆಂದು. ನಮ್ಮ ಹೆಡ್ ಅಕ್ಕೋರು ಒಳ್ಳೆಯವರು, ಮಾಸ್ತರರ ಒಳ್ಳೆಯದಕ್ಕೇ ಹೇಳಿದರು.

"ಮನೆ ಹತ್ರ ಮಾಸ್ತರೆ. ಫ್ಯಾನಿನ ಕೆಳಗೆ ಕುರ್ಚಿ. ಈ ಬಸ್ಸು, ಈ ಟೆಂಪೊ, ಈ ಮಕ್ಕಳ ಗಲಾಟೆ ಎಂತದೂ ಇಲ್ಲ. ನಂಗಾದ್ರೂ ಕೊಟ್ಟಿದ್ರೆ ಓಡಿ ಹೋತಿದ್ದೆ."

ಮಾಸ್ತರರು ಸ್ಲೇಟಿನ ತುಂಬ ದೊಡ್ಡದಾಗಿ "ಬ್ಯಾಡ" ಎಂದು ಬರೆದರು. ಕೆಳಗೆ ಗೆರೆ ಎಳೆದರು. ಎಳೆದ ಜೋರಿಗೆ ಬಳಪ ಮುರಿಯಿತು.

ಇಲ್ಲಿಂದ ಮುಂದಿನದ್ದಕ್ಕೆಲ್ಲ ಕಾರಣ ಅವರ ಹೆಂಡತಿಯ ತಮ್ಮ. ಮಾಜಾಳಿಯಿಂದ ದಿನಾ ಗೋವೆಗೆ ಕೆಲಸಕ್ಕೆ ಹೋಗಿಬರುವವರು. ಅವರ ಕಚೇರಿಯಲ್ಲಿ ಹಳೆಯ ಲ್ಯಾಪ್‌ಟಾಪುಗಳನ್ನು ಬೇಡವೆಂದು ಹಾಕಿದಾಗ ಒಂದನ್ನು ಎತ್ತಿಕೊಂಡು ಬಂದು ಭಾವನ ಮುಂದಿಟ್ಟರು. ಅದು ಸ್ಲೇಟಿಗಿಂತ ವಾಸಿ, ಟೈಪ್ ಮಾಡಿ ತೋರಿಸಬಹುದಲ್ಲ ಎಂದು. ಆನ್ ಮಾಡಿದರೆ ಕಂಪನಿಯ ಗುಟ್ಟಿನ ಪದ ಕೇಳಿ ಕುಳಿತುಬಿಡುತ್ತಿತ್ತು. ಮಾಸ್ತರರು ಭಾನುವಾರ ಮನೆಗೆ ಬರಲು ನನಗೆ ಹೇಳಿಕಳಿಸಿದರು. ನನ್ನ ಹತ್ತಿರ ಒಂದು ಮಾಸಪತ್ರಿಕೆಯ ಜೊತೆ ಪುಕ್ಕಟೆ ಬಂದ, ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಯ ಸಿಡಿ ಇತ್ತು. ಕಂಪನಿಯದ್ದನ್ನು ಅಳಿಸಿ ಅದನ್ನೇ ಹಾಕಿದೆ. ಹಾಕುತ್ತಾ ಹಾಕುತ್ತಾ ಅದರೊಳಗೆ ಏನೇನಿದೆ ಎಂದು ಹುಡುಕುವಾಗ ಒಂದು ಸಣ್ಣ ಪ್ರೋಗ್ರಾಂ ಕಣ್ಣಿಗೆ ಬಿತ್ತು. ಬರೆದದ್ದನ್ನು ಗಟ್ಟಿಯಾಗಿ ಓದುವ ಪ್ರೋಗ್ರಾಂ. ಭಾಷೆಗಳ ಪಟ್ಟಿಯನ್ನು ಕೆಳಗೆ ಕೆಳಗೆ ಸರಿಸಿದೆ. ಕನ್ನಡ!

ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. "ಏನಾದ್ರೂ ಬರೀರಿ ಮಾಸ್ತರೆ."

ಅವರು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಮನೆಯಲ್ಲಿ ಅವರದ್ದು ಕೊಂಕಣಿ. ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದಿದ್ದರು. ನಾನು ಓದು ಎಂದು ಗುಂಡಿ ಒತ್ತಿದೆ.

"ಚಾ ಕರ್", ಚಹಾ ಮಾಡು, ಎಂದಿತು ಲ್ಯಾಪ್‌ಟಾಪು.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಅವರ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಯಾರು ಬಂದ್ರು?"

ಮಾಸ್ತರರು ತಾವೇ ಗುಂಡಿ ಒತ್ತಿದರು. "ಚಾ ಕರ್."

ಆ ತಾಯಿ ಲ್ಯಾಪ್‌ಟಾಪು ನೋಡಿದರು, ಗಂಡನ ಮುಖ ನೋಡಿದರು. "ಇಷ್ಟು ದಿವ್ಸ ಮನೆ ಆರಾಮಿತ್ತು ನೋಡಿ ಅಕ್ಕೋರೆ" ಎಂದು ನನಗೆ ಹೇಳುವಾಗ ಅವರ ಕಣ್ಣು ತುಂಬಿ ಬಂದಿತ್ತು. "ಸಕ್ರೆ ಎಷ್ಟು ಹಾಕೂದು, ಅದನ್ನೂ ಅದ್ರ ಬಾಯಲ್ಲೇ ಹೇಳ್ಸಿ."

ಅಂದು ಅವರಿಬ್ಬರ ಜಗಳ ಸಕ್ಕರೆಯಿಂದ ಶುರುವಾಗಿ ತೆಂಗಿನಕಾಯಿ ಕೊಯ್ಯಿಸುವವರೆಗೂ ಹೋಯಿತು. ನಾನು ಚಹಾ ಕುಡಿದು ಎದ್ದದ್ದೂ ಅವರಿಗೆ ಗೊತ್ತಾಗಲಿಲ್ಲ.

ಮರುದಿನ ಬಸ್ಸಿನಲ್ಲಿ ಅವರ ಉತ್ಸಾಹ ನೋಡಬೇಕು. ಕಾರವಾರದ ಅಂಗಡಿಯಿಂದ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಸ್ಪೀಕರೊಂದನ್ನು ತಂದು, ಅಂಗಿಯ ಜೇಬಿನಲ್ಲಿಟ್ಟು, ವಾಯರನ್ನು ತೋಳಿನ ಒಳಗಿಂದ ಇಳಿಬಿಟ್ಟಿದ್ದರು. ದನಿ ಎದೆಯಿಂದಲೇ ಬರಬೇಕಂತೆ. ಆದರೆ ಬಿಣಗಾದ ತಿರುವಿನಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಹತ್ತಿದ್ದ. ಗಡ್ಡ ಮೀಸೆ ಬಂದ ಗಂಡಸು. ಆಪರೇಶನ್ನಿನ ಸುದ್ದಿ ಕೇಳಿದ್ದ. ಸೀಟಿನ ಹತ್ತಿರ ಬಂದು ಕೈ ಮುಗಿದು, "ಹ್ಯಾಂಗಿದ್ರಿ ಮಾಸ್ತರೆ?" ಎಂದು ಕೇಳಿದ. ನಾನು ಹತ್ತುವಾಗ ಮಾಸ್ತರರು ಬೆರಳೆತ್ತಿ, ತಡಿ, ಹೇಳ್ತೆ ಎಂದು ಸನ್ನೆ ಮಾಡುತ್ತಾ ಲ್ಯಾಪ್‌ಟಾಪು ಆನ್ ಮಾಡುತ್ತಿದ್ದರು. ಹಳೆಯ ಯಂತ್ರ. ಗಿರ್ರೆಂದಿತು, ಕಪ್ಪು ಪರದೆಯಲ್ಲಿ ಸಾಲು ಸಾಲು ಅಕ್ಷರ ಸುರಿಸಿತು, ನಿಂತಿತು, ಮತ್ತೆ ಸುರಿಸಿತು. ಆ ವಿದ್ಯಾರ್ಥಿ ಸ್ವಲ್ಪ ಹೊತ್ತು ನಗುತ್ತಾ ನಿಂತ. ಆಮೇಲೆ ಕಿಟಕಿಯ ಹೊರಗೆ ನೋಡಿದ. ಹಾರವಾಡ ದಾಟಿತು. ಅವರ್ಸೆಯಲ್ಲಿ, "ಬತ್ತೆ ಮಾಸ್ತರೆ, ಆರಾಮಿರಿ" ಎಂದು ಇಳಿದು ಹೋದ. ಬಸ್ಸು ಹೊರಟ ಮೇಲೆ ಯಂತ್ರ ಸಿದ್ಧವಾಯಿತು. ಮಾಸ್ತರರು ಆದರೂ ಬರೆದರು. ಅವರ ಜೇಬು ಖಾಲಿ ಜಾಗಕ್ಕೆ ಹೇಳಿತು: "ಆರಾಮ ಇದ್ದೇನೆ."

ಅವರು ಹೊರಗೆ ನೋಡುತ್ತಾ ಕುಳಿತರು. ಅಂಕೋಲೆಯಲ್ಲಿ ಇಳಿಯುವಾಗ ಸ್ಲೇಟು ತೆಗೆದು ಬರೆದರು: "ಬಾಯಿ ತೆಗೂಕೆ ಇಷ್ಟು ಹೊತ್ತು ಬೇಕಾದ್ರೆ ಆಗೂದಿಲ್ಲ."

ಸರಿ, ಆರಿಸದೆ ಹಾಗೇ ಇಟ್ಟುಕೊಳ್ಳಿ, ಮುಚ್ಚಳವನ್ನಷ್ಟೇ ಮುಚ್ಚಿ ಚೀಲದಲ್ಲಿಡಿ ಎಂದೆ. ಅದನ್ನೂ ನೋಡಿದೆವು. ಮುಚ್ಚಳ ಮುಚ್ಚಿದರೂ ಯಂತ್ರ ಒಳಗೊಳಗೇ ಓಡುತ್ತಲೇ ಇರುತ್ತಿತ್ತು. ಮುಚ್ಚಿದರೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಶಾಲೆಗೆ ಮುಟ್ಟುವಾಗ ಚೀಲದೊಳಗೆ ಕಾವಲಿಯಂತೆ ಕಾದಿತ್ತು, ಬ್ಯಾಟರಿ ಸತ್ತಿತ್ತು.

ಬೇಕಾದದ್ದು ಇಷ್ಟೇ. ಮುಚ್ಚಳ ಮುಚ್ಚಿದ ಕೂಡಲೇ ಯಂತ್ರ ನಿದ್ದೆ ಹೋಗಬೇಕು. ಬರೆದದ್ದನ್ನು ನೆನಪಿನಲ್ಲಿಟ್ಟುಕೊಂಡು ಉಳಿದದ್ದೆಲ್ಲ ಆರಿಸಿಕೊಂಡು, ಬ್ಯಾಟರಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಾ ಮಲಗಬೇಕು. ತೆರೆದ ಕೂಡಲೇ ಏಳಬೇಕು. ಸಸ್ಪೆಂಡ್ ಅನ್ನುತ್ತಾರೆ ಅದಕ್ಕೆ. ಈಗಿನವರು ಕೇಳಿದರೆ ನಗಬಹುದು. ಈಗ ಯಾವ ಲ್ಯಾಪ್‌ಟಾಪಾದರೂ ಹೇಳದೆಯೇ ಇದನ್ನು ಮಾಡುತ್ತದೆ. ಆಗ, ಲಿನಕ್ಸಿನಲ್ಲಿ, ಅದರಲ್ಲೂ ಯಾರೋ ಬಿಸಾಕಿದ ಯಂತ್ರದಲ್ಲಿ, ಅದೊಂದು ಬೇಟೆ.

ಶನಿವಾರ ಬೆಳಗಿನ ಶಾಲೆ. ಮಕ್ಕಳು ಹೋದ ಮೇಲೆ ನಾವಿಬ್ಬರೂ ಕಂಪ್ಯೂಟರ್ ಕೋಣೆಯಲ್ಲಿ ಕುಳಿತೆವು. ಸೆಟ್ಟಿಂಗಿನಲ್ಲಿ ಹುಡುಕಿದರೆ ಒಂದು ಪ್ರಶ್ನೆ ಸಿಕ್ಕಿತು: ಮುಚ್ಚಳ ಮುಚ್ಚಿದಾಗ ಏನು ಮಾಡಲಿ? 'ಏನೂ ಬೇಡ' ಎಂದಿದ್ದನ್ನು 'ಸಸ್ಪೆಂಡ್' ಎಂದು ಬದಲಾಯಿಸಿದೆ. ಮಾಸ್ತರರು ಎರಡೂ ಕೈಯಲ್ಲಿ ಮುಚ್ಚಳ ಮುಚ್ಚಿದರು. ಫ್ಯಾನಿನ ಸದ್ದು ನಿಂತಿತು. ಅಂಚಿನಲ್ಲಿ ಒಂದು ಸಣ್ಣ ದೀಪ ಉಸಿರಾಡುವ ಹಾಗೆ ಮಿನುಗತೊಡಗಿತು. ಮಲಗಿತು! ಮಾಸ್ತರರು ನನ್ನ ಮುಖ ನೋಡಿದರು. ಮುಚ್ಚಳ ಎತ್ತಿದರು.

ಕಪ್ಪು ಪರದೆ. ಒತ್ತಿದ್ದು ಒತ್ತಿದ್ದೇ, ಏನೂ ಇಲ್ಲ.

ಮಲಗಿದ್ದು ಏಳಲಿಲ್ಲ. ಗುಂಡಿ ಹಿಡಿದು ಆರಿಸಿ ಮತ್ತೆ ಮೊದಲಿನಿಂದ. ಮುಂದಿನ ವಾರವಿಡೀ ನಾನು ಅಂಕೋಲೆಯ ಸೈಬರ್ ಕೆಫೆಯಲ್ಲಿ ಹುಡುಕಿದೆ. ಯಾವುದೋ ದೇಶದ ಯಾರೋ ಒಬ್ಬ ಪುಣ್ಯಾತ್ಮ, ಇದೇ ಮಾದರಿಯ ಲ್ಯಾಪ್‌ಟಾಪಿನವನು, ಇದೇ ಕಪ್ಪು ಪರದೆಯ ಎದುರು ಕುಳಿತು ಅತ್ತಿದ್ದ. ಇನ್ನೊಬ್ಬ ಅವನಿಗೆ ಉತ್ತರ ಬರೆದಿದ್ದ. ಎದ್ದಾಗ ಪರದೆಯನ್ನು ಬೇರೆಯಾಗಿ ಎಬ್ಬಿಸಬೇಕು, ಅದಕ್ಕೆ ಇಂಥಾ ಸಾಲು ಸೇರಿಸು ಎಂದು. ಪ್ರಿಂಟು ತೆಗೆಸಿಕೊಂಡು ಓಡಿದೆ. ಶನಿವಾರ ಆ ಸಾಲು ಸೇರಿಸಿದೆವು. ಮುಚ್ಚಿದೆವು. ತೆರೆದೆವು.

ಬೆಳಕು! ಬರೆದ ಅಕ್ಷರ ಬರೆದಲ್ಲೇ ಇತ್ತು. ಮಿಟುಕುವ ಗೆರೆ ಮಿಟುಕುತ್ತಲೇ ಇತ್ತು. ನಾನು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆ. ಮಾಸ್ತರರು ಸರಸರ ಬರೆದು ಗುಂಡಿ ಒತ್ತಿದರು.

ದನಿ ಬರಲಿಲ್ಲ.

ಮತ್ತೆ ಒತ್ತಿದರು. ಜೇಬಿನ ಸ್ಪೀಕರು ತೆಗೆದು ಕಿವಿಗೆ ಹಿಡಿದರು. ಅಕ್ಷರಗಳ ಮೇಲೆ ಗುರುತು ಒಂದೊಂದಾಗಿ ಸರಿದು ಹೋಗುತ್ತಿತ್ತು, ಓದುತ್ತಿದೆ ಎನ್ನುವ ಹಾಗೆ. ಸದ್ದು ಮಾತ್ರ ಇಲ್ಲ. ನನಗೆ ಅವರ ಮುಖ ನೋಡಲು ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೆಂಚು ಅಲುಗಿದಂತಾಯಿತು. ತಿರುಗಿ ನೋಡಿದರೆ ಅವರ ಭುಜಗಳು ಕುಣಿಯುತ್ತಿದ್ದವು. ಆಪರೇಶನ್ ಆದ ಮೇಲೆ ಅವರ ನಗುವೇ ಹಾಗೆ, ಸದ್ದಿಲ್ಲದೆ ಭುಜದಲ್ಲಿ. ಸ್ಲೇಟನ್ನು ನನ್ನ ಮುಂದೆ ಹಿಡಿದರು: "ಇದಕ್ಕೂ ಗೋವೆಲಿ ಆಪರೇಶನ್ ಆಯ್ತು ಕಾಣ್ತದೆ."

ನಾನು ನಕ್ಕುಬಿಟ್ಟೆ. ಅಂಥಾ ಮನುಷ್ಯ.

ಸೈಬರಿನ ಪುಣ್ಯಾತ್ಮರು ಅದಕ್ಕೂ ದಾರಿ ಹೇಳಿದರು. ಲ್ಯಾಪ್‌ಟಾಪಿನಲ್ಲಿ ಸದ್ದು ಹೊರಡಿಸುವುದಕ್ಕೆಂದೇ ಒಂದು ಡ್ರೈವರ್ ಇರುತ್ತದೆ. ಮಲಗಿ ಎದ್ದಾಗ ಅದಕ್ಕೆ ದಿಕ್ಕು ತಪ್ಪುತ್ತದೆ. ಹಾಗಾಗಿ ಮಲಗುವ ಮೊದಲು ಅದನ್ನು ತೆಗೆದುಹಾಕು, ಎದ್ದ ಮೇಲೆ ಹೊಸದಾಗಿ ಹಾಕು. ಯಂತ್ರಕ್ಕೆ ಎರಡು ಸಾಲಿನ ಅಪ್ಪಣೆ, ಸ್ಕ್ರಿಪ್ಟು. ಬರೆದೆ. ಆದರೆ ತೆಗೆಯಲಿಕ್ಕೆ ಹೋದರೆ ಯಂತ್ರ ಒಪ್ಪಲಿಲ್ಲ. 'ಬಳಕೆಯಲ್ಲಿದೆ' ಎಂದು ಹಟ ಹಿಡಿಯಿತು. ನಾನು ಮತ್ತೆ ಮತ್ತೆ ಅದೇ ಸಾಲನ್ನು ಹೊಡೆದೆ. ಅದು ಮತ್ತೆ ಮತ್ತೆ ಅದೇ ಉತ್ತರ ಕೊಟ್ಟಿತು.

ಮಾಸ್ತರರು ನನ್ನ ಕೈ ತಡೆದರು. ಸ್ಲೇಟಿನಲ್ಲಿ ಬರೆದರು: "ಯಾರು ಬಳಸ್ತಾ ಇದ್ದಾರೆ?"

"ಯಾರೂ ಇಲ್ಲ ಮಾಸ್ತರೆ. ನಾವಿಬ್ರೇ."

ಅವರು ತಲೆ ಅಲ್ಲಾಡಿಸಿ ಜೇಬಿನ ಸ್ಪೀಕರನ್ನು ತಟ್ಟಿ ತೋರಿಸಿದರು. ಓದುವ ಪ್ರೋಗ್ರಾಂ! ಅದು ಸುಮ್ಮನಿದ್ದರೂ ಸದ್ದಿನ ಡ್ರೈವರನ್ನು ಹಿಡಿದುಕೊಂಡೇ ಕುಳಿತಿತ್ತು. ಆಮೇಲೆ ಅವರು ಸ್ಲೇಟು ಒರೆಸಿ ಆವರಣಗಳ ಲೆಕ್ಕ ಬರೆದರು, ಎಂಟನೇ ತರಗತಿಯವರಿಗೆ ಬರೆಯುವ ಹಾಗೆ. ಹೊರಗೆ ದೊಡ್ಡ ಆವರಣ, ಅದರಲ್ಲಿ 'ಯಂತ್ರ'. ಅದರ ಒಳಗೆ 'ಡ್ರೈವರ್'. ಅದರೊಳಗೆ ಸಣ್ಣ ಆವರಣದಲ್ಲಿ 'ದನಿ'. ಒಳಗಿನದನ್ನು ಮೊದಲು ಬಿಡಿಸಬೇಕು. ಮಲಗುವಾಗ ದನಿ, ಡ್ರೈವರ್, ಯಂತ್ರ. ಏಳುವಾಗ ಅದೇ ತಿರುಗುಮುರುಗು. ಬಳಪದ ತುದಿಯಿಂದ ನನ್ನ ಸ್ಕ್ರಿಪ್ಟಿನ ಮೇಲೆ ಎಲ್ಲಿ ಏನು ಸೇರಿಸಬೇಕೆಂದು ತೋರಿಸಿದರು. ಲಿನಕ್ಸಿನ ಗಂಧವಿಲ್ಲದವರು! ನಾನು ಬರೆದೆ. ಅವರು ಮುಚ್ಚಿದರು. ದೀಪ ಮಿನುಗಿತು. ತೆರೆದರು. ಬರೆದರು. ಒತ್ತಿದರು.

"ಬನ್ನಿ ಬನ್ನಿ ಕಂಪ್ಯೂಟರ್ ಅಕ್ಕೋರೆ" ಎಂದಿತು ಅವರ ಜೇಬು.

ಬಸ್ಸು ಹತ್ತಿದವಳ ಹಾಗೆ ನಾನು ಅವರ ಪಕ್ಕಕ್ಕೆ ಸರಿದು ಕುಳಿತೆ.

ಅಂದು ಶಾಲೆಯಿಂದ ಹೊರಟವರು ಸಿಕ್ಕಿದವರನ್ನೆಲ್ಲ ಮಾತಾಡಿಸಿದರು. ಮುಚ್ಚುವುದು, ನಾಲ್ಕು ಹೆಜ್ಜೆ ಹೋಗುವುದು, ತೆರೆಯುವುದು. ಟೆಂಪೊದವನಿಗೆ "ಸಾವಕಾಶ ಬಿಡು ಮಾರಾಯ" ಎಂದರು. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನವಳ ಹತ್ತಿರ ಚೌಕಾಶಿಗೆ ನಿಂತರು. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ಎರಡು ಹಣ್ಣು ಹೆಚ್ಚೇ ಕೊಟ್ಟಳು. ಬಸ್ಸಿನಲ್ಲಿ ಕಂಡಕ್ಟರು ಬಂದ ಕೂಡಲೇ ಮುಚ್ಚಳ ಎತ್ತಿದರು. "ಒಂದು ಕಾರವಾರ, ಒಂದು ಅಮದಳ್ಳಿ." ಕಂಡಕ್ಟರು ಹಿಂದೆ ತಿರುಗಿ ನೋಡಿದ, ಮೇಲೆ ನೋಡಿದ. ಮಾಸ್ತರರು ಜೇಬು ತೋರಿಸಿದರು. ಟಿಕೇಟು ಹರಿಯುತ್ತಿದ್ದ ಕೈ ಹಾಗೇ ನಿಂತಿತು. "ಮತ್ತೊಂದು ಸಲ ಹೇಳ್ಸಿ ಮಾಸ್ತರೆ" ಅಂದ. ಹೇಳಿಸಿದರು. ಬಸ್ಸಿಗೆ ಬಸ್ಸೇ ಎದ್ದು ನಿಂತಿತು.

ತರಗತಿಯ ಕತೆ ಬೇರೆಯೇ. ಯಂತ್ರ ಪುಸ್ತಕದ ಕನ್ನಡವನ್ನು ಪರದೇಶಿಯ ಹಾಗೆ ಓದುತ್ತಿತ್ತು. ಅದಕ್ಕೆ ಅವರು ಕಾಗುಣಿತ ತಪ್ಪಿಸಿ ಬರೆದು ಅಂಕೋಲೆಯ ಮಾತು ಕಲಿಸಿದರು. "ಎಂತಾ ನೋಡ್ತ್ಯೋ, ಲೆಕ್ಕ ಮಾಡೋ" ಎಂದು ಆ ಮೂಗಿನ ದನಿ ಹೇಳಿದರೆ ಮಕ್ಕಳು ಬೆಂಚಿನಿಂದ ಬೀಳುವುದೊಂದೇ ಬಾಕಿ. ಒಂದು ವಾರದಲ್ಲಿ ಇಡೀ ಶಾಲೆಯ ಮಕ್ಕಳು ಆ ದನಿಯಲ್ಲಿ ಮಾತಾಡತೊಡಗಿದರು. ಹೆಡ್ ಅಕ್ಕೋರು ಗದರಿಸಲು ಹೋದರೆ ಮಾಸ್ತರರೇ ತಡೆದರು. ಮೊದಲಿನ ದನಿಯನ್ನು ಯಾರೂ ಅಣಕಿಸಲಿಲ್ಲವಲ್ಲ, ಅಷ್ಟು ದೊಡ್ಡ ದನಿ ಯಾರ ಬಾಯಲ್ಲಿ ಹಿಡಿಸಬೇಕು, ಇದಾದರೂ ಹಿಡಿಸಿತು ಎಂದು ಅವರಿಗೆ ಹೆಮ್ಮೆ. ಇನ್ನೊಂದು ವಿಷಯ ನಾನು ಗೋಡೆಯಾಚೆಯಿಂದ ಗಮನಿಸಿದೆ. ಬರೆಯಲು ಹೊತ್ತು ಹಿಡಿಯುತ್ತದೆಂದು ಅವರು ಈಗ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಿದ್ದರು, ಉತ್ತರ ಹೇಳುವುದು ಮಕ್ಕಳ ಪಾಲಿಗೆ ಬಂತು. ಮೊದಲು ಗೋಡೆ ದಾಟಿ ಬರುತ್ತಿದ್ದದ್ದು ಒಬ್ಬರ ದನಿ. ಈಗ ಇಡೀ ತರಗತಿಯದು.

ಆದರೂ ಕಾರವಾರದ ಕಚೇರಿಯ ಮಾತು ತಪ್ಪಲಿಲ್ಲ. ಮಾತು ಬಾರದ ಮಾಸ್ತರರು ಪಾಠ ಹೇಗೆ ಮಾಡುತ್ತಾರೆಂದು ನೋಡಿ ತೀರ್ಮಾನ ಮಾಡಲು ಒಬ್ಬ ಸಾಹೇಬರು ಬಂದರು. ಅವರು ಬರುವ ದಿನ ಬೆಳಿಗ್ಗೆಯಿಂದ ಕರೆಂಟು ಇಲ್ಲ. ಕಾರವಾರದಿಂದ ಶಾಲೆಯವರೆಗೆ ಚೀಲದಲ್ಲಿ ಮಲಗಿಯೇ ಬಂದ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಇದ್ದಷ್ಟೇ ಜೀವ. ನಾನು ಹೆಡ್ ಅಕ್ಕೋರ ಜೊತೆ ಹಿಂದಿನ ಬಾಗಿಲ ಬಳಿ ನಿಂತಿದ್ದೆ. ನನ್ನ ಕೈಯಲ್ಲಿ ಸ್ಲೇಟು ಇತ್ತು, ಬೇಕಾದರೆ ಕೊಡಲಿಕ್ಕೆ. ಮಾಸ್ತರರು ಅದನ್ನು ನೋಡಿ ಕಣ್ಣಲ್ಲೇ ಬೇಡ ಎಂದರು.

ಪಾಠ ವೃತ್ತದ ಸ್ಪರ್ಶಕ. ಮುಚ್ಚಳ ತೆರೆಯಿತು. "ಸ್ಪರ್ಶಕ ಅಂದ್ರೆ ಎಂತಾ?"

"ವೃತ್ತನ ಮುಟ್ಟಿ ಹೋಗೂ ಗೆರೆ ಸರ್!"

"ಎಷ್ಟು ಕಡೆ ಮುಟ್ತದೆ?"

"ಒಂದೇ ಕಡೆ!"

"ಎರಡು ಕಡೆ ಮುಟ್ಟಿದ್ರೆ?"

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು: "ಅದು ಮುಟ್ಟಿದ್ದಲ್ಲ ಸರ್, ಒಳಗೇ ಹೊಕ್ಕಿತು." ಮಾಸ್ತರರು ತೊಡೆ ತಟ್ಟಿಕೊಂಡರು. ಲೆಕ್ಕ ಕೊಟ್ಟರು, ಬ್ಯಾಟರಿ ಉಳಿಸಲು ಮುಚ್ಚಳ ಮುಚ್ಚಿ ಬೆಂಚುಗಳ ನಡುವೆ ಓಡಾಡಿದರು. ಎಲ್ಲ ಸಸೂತ್ರ ನಡೆದಿತ್ತು.

ಸಾಹೇಬರು ಎದ್ದರು. ಮುಖದಲ್ಲಿ ಮೆಚ್ಚುಗೆಯೇ ಇತ್ತು. ಮಾಸ್ತರರ ಎದುರೇ ನಿಂತು, ಅವರ ತಲೆಯ ಮೇಲಿಂದ ಹೆಡ್ ಅಕ್ಕೋರಿಗೆ ಹೇಳಿದರು: "ಪಾಠ ಚೊಲೊ ಆತು. ಆದ್ರೂ ಇವರಿಗೆ ಎಷ್ಟು ತ್ರಾಸು ನೋಡಿ. ಪಾಪ, ಇವ್ರನ್ನ ಕಚೇರಿಗೆ ಹಾಕಿದ್ರೆ ಇವ್ರಿಗೂ ಆರಾಮ ಅಲ್ವಾ? ನೀವು ಎಂತಾ ಹೇಳ್ತ್ರಿ?"

ಹೆಡ್ ಅಕ್ಕೋರು ಬಾಯಿ ತೆರೆದರು. ಅಷ್ಟರಲ್ಲಿ ಮುಚ್ಚಳ ಎತ್ತಿದ ಸದ್ದು, ಅದರ ಹಿಂದೆಯೇ ಕೀಲಿಗಳ ಟಕಟಕ. ಅದನ್ನು ಕೇಳಿದರೆ ಜನ ಕಾಯುತ್ತಾರೆ. ಯಂತ್ರ ಯಾವಾಗ ಎದ್ದೀತು ಎಂದು ಯಾರೂ ಕಾಯುವುದಿಲ್ಲ, ಎದುರಿನವರು ಮಾತಾಡಲು ಹೊರಟಿದ್ದಾರೆ ಎಂದು ಕಂಡರೆ ಕಾಯುತ್ತಾರೆ. ಸಾಹೇಬರೂ ತಿರುಗಿ ನೋಡಿದರು. ಮಾಸ್ತರರು ಬರೆದು ಮುಗಿಸಿ ಗುಂಡಿ ಒತ್ತಿದರು. ಸದ್ದಿಲ್ಲ. ದನಿ, ಡ್ರೈವರ್, ಯಂತ್ರ, ಎಲ್ಲಿ ತಪ್ಪಿದೆ ಎಂದು ಸ್ಲೇಟನ್ನು ಎದೆಗೆ ಒತ್ತಿಕೊಂಡೆ. ಇಡೀ ತರಗತಿ ಆ ಜೇಬನ್ನೇ ನೋಡುತ್ತಿತ್ತು.

"ಸಾಹೇಬರೇ, ನಾನು ಇಲ್ಲೇ ಇದ್ದೇನೆ. ನನ್ನನ್ನೇ ಕೇಳಿ."

ಯಾರೂ ನಗಲಿಲ್ಲ. ಸಾಹೇಬರ ಮುಖ ಕೆಂಪಾಯಿತು. ಒಳ್ಳೆಯ ಮನುಷ್ಯರೇ ಅವರು. ಬೆಂಚು ಎಳೆದು ಮಾಸ್ತರರ ಎದುರು ಕುಳಿತರು.

"ತಪ್ಪಾಯ್ತು ಮಾಸ್ತರೆ. ಹೇಳಿ. ಕಚೇರಿ ಕೆಲಸ ಸುಲಭ. ಬತ್ರಾ?"

ಟಕಟಕ. "ಸುಲಭದ ಲೆಕ್ಕ ನನಗೆ ಸೇರೂದಿಲ್ಲ."

ಈಗ ತರಗತಿ ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರು. ಗಂಟೆ ಹೊಡೆದ ಮೇಲೂ ಅವರಿಬ್ಬರೂ ಮಾತಾಡುತ್ತಲೇ ಇದ್ದರು. ಬ್ಯಾಟರಿ ಮುಗಿದ ಮೇಲೆ ನಾನು ಸ್ಲೇಟು ಕೊಟ್ಟೆ. ಕಚೇರಿಯ ಮಾತು ಮತ್ತೆ ಬರಲಿಲ್ಲ. ನಿವೃತ್ತಿಯವರೆಗೂ ಮಾಸ್ತರರು ಅದೇ ತರಗತಿಯಲ್ಲಿದ್ದರು.

ನಿವೃತ್ತಿಗೆ ಸ್ವಲ್ಪ ಮೊದಲು ಅವರು ಹೊಸ ಲ್ಯಾಪ್‌ಟಾಪು ಕೊಂಡರು. ಹಳೆಯದನ್ನು ಏನು ಮಾಡುತ್ತೀರಿ ಎಂದು ಕೇಳಿದರೆ ಭುಜ ಕುಣಿಸಿ ನಕ್ಕರು. ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಮಾಜಾಳಿಗೆ ಕರೆದುಕೊಂಡು ಹೋದರು. ಕಡಲ ದಂಡೆಗೆ ಹತ್ತಿದ ಮನೆ. ಮೀನು ಮಾರುವ ಹೆಂಗಸು. ಅದೇ ಕಾಯಿಲೆ, ಅದೇ ಆಪರೇಶನ್. ಶಾಲೆಯ ಮುಖ ಕಂಡವಳಲ್ಲ. ಬರೆಯಲು ಬಾರದವಳಿಗೆ ಸ್ಲೇಟಿದ್ದೂ ಇಲ್ಲದ ಹಾಗೆ. ಆಪರೇಶನ್ ಆದ ಮೇಲೆ ಆಕೆ ಯಾರ ಹತ್ತಿರವೂ ಸನ್ನೆ ಕೂಡ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆಂದು ಮಗಳು ಹೇಳಿದಳು.

ಮಾಸ್ತರರು ಹಳೆಯ ಲ್ಯಾಪ್‌ಟಾಪು ತೆಗೆದರು. ಕೀಲಿಗಳ ಮೇಲೆ ಬಣ್ಣಬಣ್ಣದ ಕಾಗದ ಅಂಟಿಸಿದ್ದರು. ಒಂದು ಕೀಲಿಗೆ ಒಂದು ಮಾತು. ಯಾವ ಕೀಲಿಗೆ ಯಾವ ಮಾತೆಂದು ಆಕೆಯೇ ಸನ್ನೆಯಲ್ಲಿ ತಿಳಿಸಬೇಕು. ಅವರು ತಮ್ಮ ಕುತ್ತಿಗೆಯ ಬಟ್ಟೆ ಸರಿಸಿ ಆಕೆಗೆ ತೂತು ತೋರಿಸಿದರು, ಆಮೇಲೆ ಹೊಸ ಯಂತ್ರ ತೆರೆದು ಕೊಂಕಣಿಯಲ್ಲಿ ಮಾತಾಡಿಸಿದರು. ಆಕೆ ಎದ್ದು ಕುಳಿತಳು. ಮೊದಲ ಮಾತು ಯಾವುದು ಬೇಕು? ಊಟವೇ, ನೀರೇ, ಬಂಗಡೆಯ ದರವೇ? ಎಲ್ಲದಕ್ಕೂ ಇಲ್ಲ ಎಂದು ತಲೆಯಾಡಿಸಿ, ಹೊರಗೆ ಚಪ್ಪರದ ಕೆಳಗೆ ನಮ್ಮ ಕಡೆ ಬೆನ್ನು ಹಾಕಿ ಬಲೆ ಹೊಲಿಯುತ್ತಿದ್ದ ಗಂಡನ ಕಡೆ ಬೆರಳು ಮಾಡಿದಳು.

"ಅಪ್ಪನ್ನ ಕರೀಬೇಕಂತೆ" ಎಂದಳು ಮಗಳು. "ಹೆಸ್ರು ಹಿಡಿದು ಕರೀತಿರ್ಲಿಲ್ಲ ಆಯಿ. 'ಅಹೊ, ಆಯ್ಕಲೆಂ?' ಅಂತ ಕೂಗೂದು." ಕೇಳಿಸಿತೇ ಎಂದು.

ಮಾಸ್ತರರು ಅದನ್ನು ಕೆಂಪು ಕೀಲಿಗೆ ಹಾಕಿದರು. ಮುಚ್ಚಳ ಮುಚ್ಚಿ ಆಕೆಯ ತೊಡೆಯ ಮೇಲಿಟ್ಟರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಮುಚ್ಚಳ ಎತ್ತಿದಳು. ಬೆಳಕು ಬಂತು. ಕೆಂಪು ಕೀಲಿ ಒತ್ತಿದಳು.

"ಅಹೊ, ಆಯ್ಕಲೆಂ?"

ಆ ದನಿ ಆಕೆಯದಲ್ಲ, ಹೆಂಗಸಿನದೇ ಅಲ್ಲ. ಚಪ್ಪರದ ಕೆಳಗಿದ್ದವನು ತಲೆಯೆತ್ತದೆ, ಹೊಲಿಗೆ ನಿಲ್ಲಿಸದೆ, ಸಂಸಾರದ ಅಷ್ಟು ವರ್ಷಗಳಿಂದ ಹೇಳಿಕೊಂಡು ಬಂದ ಹಾಗೆಯೇ ಹೇಳಿದ:

"ಹಾಂ, ಆಯ್ಲೊಂ."

ಬಂದೆ ಎಂದವನ ಕೈ ಆಮೇಲೆ ನಿಂತಿತು. ನಿಧಾನಕ್ಕೆ ತಿರುಗಿ ಹೆಂಡತಿಯನ್ನು ನೋಡಿದ. ಆಕೆ ಮತ್ತೊಮ್ಮೆ ಒತ್ತಿದಳು. ಬಲೆ ಅಲ್ಲೇ ಬಿದ್ದಿತು.

ಮಾಸ್ತರರು ಆಗಲೇ ಚಪ್ಪಲಿ ಮೆಟ್ಟಿ ಅಂಗಳ ದಾಟಿದ್ದರು. ಬಸ್ಸಿಗೆ ಇನ್ನೂ ಎಷ್ಟೋ ಹೊತ್ತಿತ್ತು. ಆದರೂ ಆ ಮೆತ್ತನೆಯ ಮರಳಿನಲ್ಲಿ, ಭುಜ ಕುಣಿಸುತ್ತಾ, ಚೀಲ ಬೀಸುತ್ತಾ ಎಷ್ಟು ಜೋರಾಗಿ ನಡೆದರೆಂದರೆ, ಅವರಿಗಿಂತ ಅಷ್ಟು ಚಿಕ್ಕವಳಾದ ನಾನು ಹಿಂದೆ ಓಡಬೇಕಾಯಿತು.